ಜೋಳ ಸುರಿದರೆ ತಪ್ಪು, ಕ್ಲೋವರ್ ಬಿತ್ತಿದರೆ ಸರಿಯಾ? ಅಮೆರಿಕದ ಜಿಂಕೆ ಬೇಟೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಿಶಿಗನ್‌ನಲ್ಲಿ ಬಂದೂಕಿನ ಜಿಂಕೆ ಬೇಟೆ ಶುರುವಾಗುವುದು ನವೆಂಬರ್ 15ಕ್ಕೆ. ಕೆಲವು ಊರುಗಳಲ್ಲಿ ಅವತ್ತು ಶಾಲೆಗೂ ರಜೆ. ಅಲ್ಲಿ ಹೊಸದಾಗಿ ನೆಲೆಸಿದ ನಮ್ಮವರಿಗೆ ಇದೆಲ್ಲ ವಿಚಿತ್ರವಾಗಿ ಕಾಣುತ್ತದೆ. ಪೆಟ್ರೋಲ್ ಬಂಕಿನ ಮುಂದೆ ಕ್ಯಾರೆಟ್ ಮೂಟೆ ಯಾಕೆ ಪೇರಿಸಿಟ್ಟಿದ್ದಾರೆ? ಒಬ್ಬ ಜಿಂಕೆಗೆ ಮೇವು ಬೆಳೆದರೆ ಭೇಷ್ ಅನ್ನುವವರು, ಇನ್ನೊಬ್ಬ ಮೇವು ಸುರಿದರೆ ಮೂಗು ಮುರಿಯುವುದು ಯಾಕೆ? ಇಂಥ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಇರಲಿ ಅಂತ ಈ ಪುಟ. ಬೇಟೆಯೇ ಬೇಡ ಅನ್ನುವವರೂ ಓದಬಹುದು. ಜಗಳ ಯಾವುದರ ಬಗ್ಗೆ ಅಂತಾದರೂ ಗೊತ್ತಾಗುತ್ತದೆ.

ಮೊದಲು ಇದು ಹೇಳಿ: ಆಮಿಷ ಅಂದರೇನು, ಫುಡ್ ಪ್ಲಾಟ್ ಅಂದರೇನು?

ಬೇರೆ ಕಡೆಯಿಂದ ತಂದು ಸುರಿದ ತಿನಿಸು ಆಮಿಷ. ಮೆಕ್ಕೆಜೋಳ, ಸೇಬು, ಕ್ಯಾರೆಟ್, ಶುಗರ್ ಬೀಟ್ ಗೆಡ್ಡೆ, ಏನಾದರೂ ಸರಿ. ಬೇಟೆಗಾರ ಅಟ್ಟಣೆ ಮೇಲೆ ಕೂತು ಕಾಯುತ್ತಾನೆ, ಜಿಂಕೆ ರಾಶಿಯ ಹತ್ತಿರ ಬರುತ್ತದೆ.

ಟೆಕ್ಸಾಸ್‌ನಲ್ಲಿ ಕೈಯಲ್ಲಿ ಸುರಿಯುವ ಕಷ್ಟವೂ ಇಲ್ಲ. ಮೂರು ಕಾಲಿನ ಸ್ಟ್ಯಾಂಡ್ ಮೇಲೆ ದೊಡ್ಡ ಡ್ರಮ್. ಅದರ ತಳದಲ್ಲಿ ಬ್ಯಾಟರಿಯಿಂದ ತಿರುಗುವ ತಟ್ಟೆ, ಜೊತೆಗೊಂದು ಟೈಮರ್. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕೆಲವೇ ಸೆಕೆಂಡು ಗಿರ್ರಂತ ತಿರುಗಿ ಕಾಳನ್ನು ಸುತ್ತಲೂ ಎರಚುತ್ತದೆ. ಆ ಸದ್ದು ಜಿಂಕೆಗಳಿಗೆ ಬೇಗ ಗುರುತು ಸಿಗುತ್ತದೆ. ಸದ್ದು ಕೇಳಿದರೆ ಪೊದೆಯಿಂದ ಈಚೆ ಬರುತ್ತವೆ.

ಫುಡ್ ಪ್ಲಾಟ್ ಅಂದರೆ ಮೇವಿನ ತಾಕು. ಕಾಡಂಚಿನಲ್ಲಿ ಕಾಲೆಕರೆಯಿಂದ ಹಿಡಿದು ನಾಲ್ಕೈದು ಎಕರೆವರೆಗೆ ಜಾಗ ಹದ ಮಾಡಿ, ಮಣ್ಣು ಪರೀಕ್ಷೆ ಮಾಡಿಸಿ, ಸುಣ್ಣ ಹಾಕಿ, ಜಿಂಕೆ ತಿನ್ನಲಿ ಅಂತಲೇ ಬೆಳೆ ಹಾಕುತ್ತಾರೆ. ಕ್ಲೋವರ್ (ಮೂರೆಲೆಯ ಮೇವಿನ ಸೊಪ್ಪು), ಓಟ್ಸ್, ರೈ, ಚಿಕೋರಿ, ಟರ್ನಿಪ್, ಮೂಲಂಗಿ, ಸೋಯಾ ಎಲ್ಲ ಇರುತ್ತವೆ. ಬೆಳೆದದ್ದನ್ನು ಯಾರೂ ಕೊಯ್ಯುವುದಿಲ್ಲ. ಜಿಂಕೆ ಬಂದು ಮೇಯುತ್ತದೆ. ಅಲ್ಲೂ ಪಕ್ಕದಲ್ಲಿ ಅಟ್ಟಣೆ ಇದ್ದೇ ಇರುತ್ತದೆ.

ಎರಡೂ ಹೊಟ್ಟೆ ಆಸೆ ತೋರಿಸಿ ಕರೆಯೋದೇ ಅಲ್ವಾ?

ಹೌದು. ಇದನ್ನು ಒಪ್ಪದೆ ಮುಂದೆ ಮಾತಾಡುವುದೇ ಕಷ್ಟ. ಬಂದೂಕಿನ ಕುದುರೆ ಎಳೆಯುವ ಹೊತ್ತಿನಲ್ಲಿ ಜಿಂಕೆಯ ಸ್ಥಿತಿ ಎರಡು ಕಡೆಯೂ ಒಂದೇ. ತಲೆ ತಗ್ಗಿಸಿ ತಿನ್ನುತ್ತಿರುತ್ತದೆ, ಮೇಲೆ ಕೂತವನ ಸುಳಿವು ಇರುವುದಿಲ್ಲ. "ನಾನು ಬೆವರು ಸುರಿಸಿ ಬೆಳೆದೆ, ಅವನು ಚೀಲ ಕತ್ತರಿಸಿ ಸುರಿದ" ಅನ್ನುವ ವಾದ ಬೇಟೆಗಾರನ ಶ್ರಮದ ಲೆಕ್ಕ ಅಷ್ಟೇ. ಜಿಂಕೆಗೆ ಅದರಿಂದ ಏನೂ ಆಗಬೇಕಿಲ್ಲ.

ಹಾಗಾಗಿ "ಒಂದು ಮೋಸ, ಇನ್ನೊಂದು ಸಹಜ" ಅನ್ನುವ ಹಂಚಿಕೆ ನನಗೆ ಒಪ್ಪಿಗೆಯಿಲ್ಲ. ವ್ಯತ್ಯಾಸ ಇರುವುದು ಬೇಟೆಗಾರ ಮನೆಗೆ ಹೋದ ಮೇಲೆ. ಅವನು ಬಿಟ್ಟುಹೋದ ತಿನಿಸು ಆ ಜಾಗಕ್ಕೆ, ಉಳಿದ ಜಿಂಕೆಗಳಿಗೆ, ಬೇರೆ ಜೀವಗಳಿಗೆ ಏನು ಮಾಡುತ್ತದೆ? ನೋಡಬೇಕಾದ್ದು ಅದನ್ನು. ಕೆಳಗಿನ ಉತ್ತರಗಳೆಲ್ಲ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತವೆ.

ಕಾನೂನು ಏನು ಹೇಳುತ್ತೆ?

ರಾಜ್ಯಕ್ಕೊಂದು ಕಾನೂನು. ಟೆಕ್ಸಾಸ್‌ನ ಖಾಸಗಿ ಜಮೀನಿನಲ್ಲಿ ಜೋಳ ಸುರಿಯುವುದು ಮಾಮೂಲು, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಿನೆಸೋಟಾದಲ್ಲಿ ಪೂರ್ತಿ ನಿಷೇಧ. ಅಲಬಾಮಾ 2019ರಲ್ಲಿ ಒಂದು ಜಾಣ ದಾರಿ ಹಿಡಿಯಿತು. ಆಮಿಷ ಹಾಕುವುದಕ್ಕೆ ಬೇರೆಯದೇ ಲೈಸೆನ್ಸ್ ಮಾಡಿ ಮಾರತೊಡಗಿತು! ಜಾರ್ಜಿಯಾ ಕೂಡ ಖಾಸಗಿ ಜಮೀನಿಗೆ ರಾಜ್ಯದ ಉದ್ದಗಲ ಅನುಮತಿ ಕೊಟ್ಟಿತು. ಮಿಶಿಗನ್ ತದ್ವಿರುದ್ಧ. 2019ರ ಜನವರಿ ಕೊನೆಯಿಂದ ರಾಜ್ಯದ ಕೆಳಭಾಗದ ಇಡೀ ಪರ್ಯಾಯ ದ್ವೀಪದಲ್ಲಿ ಆಮಿಷ ಬಂದ್. ಅಂಗವಿಕಲ ಬೇಟೆಗಾರರಿಗೆ ಕೆಲವು ವಿಶೇಷ ದಿನಗಳಲ್ಲಿ ವಿನಾಯಿತಿ ಇದೆ.

ಫುಡ್ ಪ್ಲಾಟ್ ಅನ್ನು ಮಾತ್ರ ಈ ಯಾವ ರಾಜ್ಯವೂ ಮುಟ್ಟುವುದಿಲ್ಲ.

ಗೆರೆ ಎಲ್ಲಿ ಎಳೆದಿದ್ದಾರೆ ಅನ್ನುವುದಕ್ಕೆ ಮಿನೆಸೋಟಾ ಒಳ್ಳೆ ಉದಾಹರಣೆ. ಅಲ್ಲಿನ ನಿಯಮ ಕೇಳುವುದು ಇಷ್ಟೇ: ತಿನಿಸನ್ನು ಸಾಗಿಸಿ ತಂದು ಇಟ್ಟಿದ್ದಾ, ಅಲ್ಲೇ ಬೆಳೆದದ್ದಾ? ಸೇಬಿನ ಮರದ ಕೆಳಗೆ ಹಣ್ಣು ತಾನಾಗಿ ಉದುರಿದ್ದರೆ ಅಲ್ಲಿ ಕೂತು ಬೇಟೆಯಾಡಬಹುದು. ಅದೇ ಹಣ್ಣು ಆರಿಸಿ ಬುಟ್ಟಿಯಲ್ಲಿ ತಂದು ಅಟ್ಟಣೆ ಕೆಳಗೆ ಸುರಿದರೆ ದಂಡ. ಹಣ್ಣು ಅದೇ, ಜಿಂಕೆಯೂ ಅದೇ.

ಬಾತುಕೋಳಿಗಳ ಕಡೆ ಹೋದರೆ ಇನ್ನೂ ತಮಾಷೆ. ವಲಸೆ ಹಕ್ಕಿಗಳಿಗೆ ಕಾಳು ಚೆಲ್ಲಿ ಬೇಟೆಯಾಡುವುದನ್ನು ಕೇಂದ್ರ ಸರ್ಕಾರ 1935ರಲ್ಲೇ ನಿಲ್ಲಿಸಿತು. ಕಾಳು ಪೂರ್ತಿ ಗುಡಿಸಿ ತೆಗೆದರೂ ಆಮೇಲೆ 10 ದಿನ ಆ ಜಾಗದಲ್ಲಿ ಗುಂಡು ಹಾರಿಸುವಂತಿಲ್ಲ. ಹೊಲದಲ್ಲಿ ನಿಂತ ಪೈರಾದರೆ ಅಡ್ಡಿಯಿಲ್ಲ. ಕೊಯ್ಲು ಮಾಡದ ಸೂರ್ಯಕಾಂತಿಯನ್ನು ಹಾಗೇ ಸವರಿ ಕೆಡವಿದರೆ? ಕಾಡು ಪಾರಿವಾಳದ ಬೇಟೆಗೆ ಸರಿ, ಬಾತುಕೋಳಿ ಬೇಟೆಗೆ ತಪ್ಪು. ಒಂದೇ ಹೊಲ, ಮೇಲೆ ಹಾರುವ ಹಕ್ಕಿ ಯಾವುದು ಅನ್ನುವುದರ ಮೇಲೆ ಅಪರಾಧ!

'ಫೇರ್ ಚೇಸ್' ಅಂತಾರಲ್ಲ, ಅದೇನು?

1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮತ್ತು ಗೆಳೆಯರು ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಅನ್ನುವ ಬೇಟೆಗಾರರ ಸಂಘ ಕಟ್ಟಿದರು. ಆ ಹೊತ್ತಿಗೆ ಮಾಂಸ, ಚರ್ಮದ ವ್ಯಾಪಾರಕ್ಕಾಗಿ ಕಾಡು ಬರಿದಾಗುತ್ತಿತ್ತು. ಪ್ರಾಣಿಯ ಮೇಲೆ ಸಲ್ಲದ ಮೇಲುಗೈ ಪಡೆಯಬಾರದು, ಅದಕ್ಕೆ ತಪ್ಪಿಸಿಕೊಳ್ಳಲು ನಿಜವಾದ ಅವಕಾಶ ಇರಬೇಕು ಅನ್ನುವುದು ಈ ಕ್ಲಬ್ ಎತ್ತಿಹಿಡಿದ ಫೇರ್ ಚೇಸ್, ಅಂದರೆ ನ್ಯಾಯದ ಬೇಟೆ, ಅನ್ನುವ ಕಲ್ಪನೆಯ ತಿರುಳು.

ಒಳ್ಳೆ ಮಾತೇ. ತೊಡಕು ಬರುವುದು 'ಸಲ್ಲದ' ಅನ್ನುವಲ್ಲಿ. ದೂರದರ್ಶಕ ಹಾಕಿದ ಬಂದೂಕು ಸಲ್ಲುತ್ತದೆ, ಮರಕ್ಕೆ ಕಟ್ಟಿದ ಕ್ಯಾಮೆರಾ ಸಲ್ಲುತ್ತದೆ, ಹೆಣ್ಣು ಜಿಂಕೆಯ ಮೂತ್ರ ಬಾಟಲಿಯಲ್ಲಿ ತಂದು ಚಿಮುಕಿಸುವುದು ಎಷ್ಟೋ ಕಡೆ ಸಲ್ಲುತ್ತದೆ. ಹೀಗಿರುವಾಗ ಜೋಳದ ಕಾಳು ಮಾತ್ರ ಪಾಪ ಅನ್ನುವುದನ್ನು ಬರೀ ಫೇರ್ ಚೇಸ್ ಹೆಸರಲ್ಲಿ ಸಮರ್ಥಿಸುವುದು ಕಷ್ಟ.

ಹಾಗಾದರೆ ಆಮಿಷಕ್ಕೆ ಇಷ್ಟೊಂದು ವಿರೋಧ ಯಾಕೆ?

ರೋಗ. ಉಳಿದ ವಾದಗಳನ್ನು ಬದಿಗಿಟ್ಟರೂ ಇದೊಂದನ್ನು ಇಡಲು ಆಗುವುದಿಲ್ಲ.

1967ರಲ್ಲಿ ಕೊಲೊರಾಡೊದ ಒಂದು ಸಂಶೋಧನಾ ಕೇಂದ್ರದಲ್ಲಿ ಸಾಕಿದ್ದ ಜಿಂಕೆಗಳು ಕಾರಣವಿಲ್ಲದೆ ಸೊರಗತೊಡಗಿದವು. ಬಾಯಲ್ಲಿ ಜೊಲ್ಲು, ಇಳಿಬಿದ್ದ ಕಿವಿ, ಎಲ್ಲೋ ನೋಡುವ ಕಣ್ಣು, ಕೊನೆಗೆ ಸಾವು. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅಂತ ಹೆಸರಿಟ್ಟರು. ಎಲ್ಲರೂ ಸಿಡಬ್ಲ್ಯುಡಿ ಅನ್ನುತ್ತಾರೆ. ಹುಚ್ಚು ಹಸು ರೋಗದ ಬಳಗದ್ದು. ಇದನ್ನು ತರುವುದು ವೈರಸ್ಸೂ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ. ಮಡಿಕೆ ಕೆಟ್ಟ ಪ್ರೋಟೀನು, ಪ್ರಿಯಾನ್. ಬೇಯಿಸಿದರೂ ಸಾಯುವುದಿಲ್ಲ. ಲಸಿಕೆ ಇಲ್ಲ, ಔಷಧಿ ಇಲ್ಲ. 2002ರಲ್ಲಿ ವಿಸ್ಕಾನ್ಸಿನ್‌ನ ಕಾಡು ಜಿಂಕೆಗಳಲ್ಲಿ ಪತ್ತೆಯಾದಾಗ ಮಿಸಿಸಿಪಿ ನದಿಯ ಪೂರ್ವಕ್ಕೆ ಅದೇ ಮೊದಲು. ಈಗ 30ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ.

ಇದಕ್ಕೂ ಜೋಳದ ರಾಶಿಗೂ ಏನು ಸಂಬಂಧ? ಪ್ರಿಯಾನ್ ಹೊರಬರುವುದು ಜೊಲ್ಲು, ಮೂತ್ರ, ಹಿಕ್ಕೆಯಲ್ಲಿ. ಕಾಡಿನಲ್ಲಿ ಜಿಂಕೆ ನಡೆಯುತ್ತಾ ಇಲ್ಲೊಂದು ಚಿಗುರು, ಅಲ್ಲೊಂದು ಎಲೆ ಕಿತ್ತು ತಿನ್ನುತ್ತದೆ. ರಾಶಿ ಹಾಕಿದರೆ ಹತ್ತಾರು ಜಿಂಕೆ ಮೂತಿಗೆ ಮೂತಿ ತಾಗಿಸಿ ಒಂದೇ ಜಾಗದಲ್ಲಿ ತಿನ್ನುತ್ತವೆ, ಅಲ್ಲೇ ಉಚ್ಚೆ ಹೊಯ್ಯುತ್ತವೆ. ಮತ್ತೆ ಸುರಿದರೆ ಮತ್ತೆ ಬರುತ್ತವೆ. ಮಣ್ಣಿಗೆ ಸೇರಿದ ಪ್ರಿಯಾನ್ ವರ್ಷಗಟ್ಟಲೆ ಉಳಿಯುತ್ತದೆ. ರೋಗ ತಗುಲಿದ ಜಿಂಕೆ ವರ್ಷಕ್ಕೂ ಮೇಲ್ಪಟ್ಟು ಆರೋಗ್ಯವಾಗೇ ಕಾಣುತ್ತದೆ. "ನನ್ನ ಜಾಗದಲ್ಲಿ ಕಾಯಿಲೆ ಜಿಂಕೆ ಇಲ್ಲ" ಅಂತ ಯಾರಾದರೂ ಎದೆ ತಟ್ಟಿಕೊಂಡರೆ ನಂಬುವ ಹಾಗಿಲ್ಲ.

ಮಿಶಿಗನ್‌ಗೆ ಇದರ ಜೊತೆ ಇನ್ನೊಂದು ಪಾಠವೂ ಸಿಕ್ಕಿತ್ತು. 1994ರಲ್ಲಿ ಅಲ್ಪೀನಾ ಕೌಂಟಿಯಲ್ಲಿ ಒಬ್ಬ ಹೊಡೆದ ಜಿಂಕೆಯಲ್ಲಿ ದನಗಳ ಕ್ಷಯ ಸಿಕ್ಕಿತು. ಸಾಮಾನ್ಯವಾಗಿ ಕಾಡು ಜಿಂಕೆಯಲ್ಲಿ ತಾನಾಗಿ ಉಳಿಯದ ರೋಗ ಅದು. ಆ ಭಾಗದಲ್ಲಿ ದಶಕಗಳಿಂದ ಲಾರಿಗಟ್ಟಲೆ ಗೆಡ್ಡೆ ತಂದು ಸುರಿಯುತ್ತಿದ್ದರು. ಚಳಿಗಾಲದಲ್ಲಿ ಸಾಯಬೇಕಿದ್ದ ಜಿಂಕೆಗಳು ಉಳಿದು, ಸಂಖ್ಯೆ ಏರಿ, ಒಂದೇ ರಾಶಿಗೆ ಮುತ್ತುತ್ತಿದ್ದವು. 1998ರ ಹೊತ್ತಿಗೆ ರೋಗ ಅಲ್ಲಿನ ದನದ ಮಂದೆಗೂ ಬಂತು. ಬೇಟೆಗಾರನ ಖುಷಿಗೆ ಸುರಿದ ಬೀಟ್ ಗೆಡ್ಡೆಯ ಬಿಲ್ಲು ಕೊನೆಗೆ ರೈತನ ಕೊಟ್ಟಿಗೆಗೆ ಬಂತು.

ಮೇವಿನ ತಾಕಿನಲ್ಲೂ ಜಿಂಕೆ ಸೇರುತ್ತವಲ್ಲ? ಅಲ್ಲಿ ರೋಗ ಹರಡಲ್ವಾ?

ಹರಡುವುದೇ ಇಲ್ಲ ಅಂತ ಹೇಳಲಾಗದು. ಆದರೆ ಎರಡು ಎಕರೆ ಕ್ಲೋವರ್‌ನಲ್ಲಿ ಜಿಂಕೆಗಳು ಚದುರಿ ಮೇಯುತ್ತವೆ. ಒಂದು ಮೇಯ್ದ ಎಲೆ ಇನ್ನೊಂದಕ್ಕೆ ಸಿಗುವುದಿಲ್ಲ. ಕಾಳಿನ ರಾಶಿಯಲ್ಲಿ ಪ್ರತಿ ತುತ್ತೂ ಎಂಜಲು. ಅಪಾಯ ಎಷ್ಟು ಗಾಢ ಅನ್ನುವುದರಲ್ಲಿ ವ್ಯತ್ಯಾಸ ಇದೆ.

ಈ ಕಾರಣಕ್ಕೇ ಸಣ್ಣ ತಾಕುಗಳ ಬಗ್ಗೆ ನನಗೆ ಅನುಮಾನ. ಕಾಡಿನೊಳಗೆ ಸಣ್ಣ ಕಣದಷ್ಟು ಜಾಗ ಬಿಡಿಸಿ, ಅಟ್ಟಣೆಯಿಂದ ಬಿಲ್ಲಿಗೆ ಸಿಗುವ ಹಾಗೆ 20 ಗಜ ದೂರದಲ್ಲಿ ಟರ್ನಿಪ್ ಹಾಕಿರುತ್ತಾರೆ. ಬೇಟೆಗಾರರೇ ಅದನ್ನು 'ಕಿಲ್ ಪ್ಲಾಟ್', ಅಂದರೆ ಕೊಲ್ಲುವ ತಾಕು, ಅನ್ನುತ್ತಾರೆ. ಮುಚ್ಚುಮರೆಯೇ ಇಲ್ಲ. ಬೆಳೆದದ್ದು ಅನ್ನುವುದು ಬಿಟ್ಟರೆ ಅದಕ್ಕೂ ಸುರಿದ ರಾಶಿಗೂ ಹೆಚ್ಚು ಅಂತರ ಕಾಣುವುದಿಲ್ಲ. ದೊಡ್ಡ ತಾಕು ಹಾಕಿ, ಅದನ್ನು ಮೇಯಲು ಬಿಟ್ಟು, ತಾನು ದೂರದ ಕಾಲುದಾರಿಯಲ್ಲಿ ಕಾಯುವವರೂ ಇದ್ದಾರೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು.

ದುಡ್ಡಿದ್ದವನ ತಾಕು ಸರಿ, ಇಲ್ಲದವನ ಚೀಲ ತಪ್ಪು ಅಂದ ಹಾಗಾಗಲ್ವಾ?

ಆಗುತ್ತದೆ. ಆಮಿಷ ವಿರೋಧಿಸುವ ಬಹಳ ಜನ ಈ ಪ್ರಶ್ನೆ ಬಂದರೆ ಮಾತು ತಿರುಗಿಸುತ್ತಾರೆ. ತಿರುಗಿಸಬಾರದು.

ಲೆಕ್ಕ ಹಾಕಿ ನೋಡಿ. ತಾಕಿಗೆ ಮೊದಲು ಜಮೀನು ಬೇಕು. ಇಲ್ಲವೇ ವರ್ಷಕ್ಕೆ ಇಷ್ಟು ಅಂತ ಗುತ್ತಿಗೆ ಕೊಡಬೇಕು. ಟ್ರ್ಯಾಕ್ಟರು, ಬೀಜ, ಸುಣ್ಣ, ಗೊಬ್ಬರ, ಕಳೆನಾಶಕ ಬೇಕು. ಬೇಸಿಗೆಯಲ್ಲಿ ವಾರಾಂತ್ಯಗಳು ಬೇಕು. ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವವನ ಹತ್ತಿರ ಇವ್ಯಾವುವೂ ಇಲ್ಲ. ಅವನಿಗಿರುವುದು ಮಾವನ ಹತ್ತೆಕರೆಯ ಮೂಲೆ, ಎರಡು ದಿನದ ರಜೆ, ಡಿಕ್ಕಿಯಲ್ಲೊಂದು ಜೋಳದ ಚೀಲ. ಅವನಿಗೆ ಆ ಜಿಂಕೆ ಗೋಡೆಗೆ ಹಾಕುವ ಕೊಂಬಲ್ಲ, ಚಳಿಗಾಲಕ್ಕೆ ಫ್ರೀಜರ್ ತುಂಬುವ ಮಾಂಸ.

ಇನ್ನೂ ಒಂದಿದೆ. ಅಮೆರಿಕದ ಕಾನೂನಿನಲ್ಲಿ ಕಾಡುಪ್ರಾಣಿ ಜಮೀನಿನ ಒಡೆಯನದಲ್ಲ, ಜನರೆಲ್ಲರದು. ಟೆಕ್ಸಾಸ್‌ನಲ್ಲಿ ಶೇಕಡಾ 95ರ ಆಸುಪಾಸು ನೆಲ ಖಾಸಗಿ. ನೂರಾರು ಎಕರೆ ಇದ್ದವನು ಒಳ್ಳೆ ಮೇವು ಬೆಳೆದರೆ ಸುತ್ತಲ ಜಿಂಕೆಯೆಲ್ಲ ಅವನ ಬೇಲಿಯೊಳಗೆ. ಕಾಗದದ ಮೇಲೆ ಎಲ್ಲರ ಜಿಂಕೆ, ಹೊಲದಲ್ಲಿ ಅವನ ಜಿಂಕೆ. ಇದು ಸುರಿಯುವುದಕ್ಕೂ ಬೆಳೆಯುವುದಕ್ಕೂ ಒಂದೇ ಥರ ಅನ್ವಯಿಸುತ್ತದೆ. ಆದರೆ ಬೈಗುಳ ತಿನ್ನುವವನು ಸುರಿಯುವವನು ಮಾತ್ರ.

ಇಷ್ಟಾದರೂ ರೋಗ ಇರುವ ಕಡೆ ನಿಷೇಧವೇ ಸರಿ ಅನ್ನುತ್ತೇನೆ. ಸೋಂಕು ಯಾರ ಜೇಬು ಎಷ್ಟು ದಪ್ಪ ಅಂತ ನೋಡುವುದಿಲ್ಲ. ಆದರೆ ನಿಷೇಧ ಹೇರುವ ರಾಜ್ಯ ಸಾರ್ವಜನಿಕ ಬೇಟೆ ಜಾಗಗಳನ್ನು ಹೆಚ್ಚಿಸಬೇಕು, ಅಲ್ಲಿ ತಾನೇ ಮೇವು ಬೆಳೆಸಬೇಕು. ಕೆಲವು ಕಡೆ ಬೆಳೆಸುತ್ತಾರೆ ಕೂಡ. ಅದನ್ನು ಮಾಡದೆ ಬರೀ ದಂಡ ಹಾಕಿದರೆ, ಬೇಟೆಗಾರ ಕತ್ತಲಲ್ಲಿ ಸುರಿಯುತ್ತಾನೆ ಅಷ್ಟೇ.

ಆಮಿಷ ಇದ್ದರೆ ಗುರಿ ತಪ್ಪಲ್ಲ, ಪ್ರಾಣಿ ನರಳಲ್ಲ ಅಂತಾರೆ. ನಿಜವಾ?

ಒಂದು ಮಟ್ಟಿಗೆ ನಿಜ. ನಿಂತು ತಿನ್ನುವ ಜಿಂಕೆ ಪಕ್ಕೆ ತೋರಿಸುತ್ತದೆ, ದೂರ ಮೊದಲೇ ಗೊತ್ತಿರುತ್ತದೆ. ಹೊಸಬರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಇದು ಅನುಕೂಲ. ಗಾಯಗೊಂಡು ಕಾಡಲ್ಲಿ ನರಳುವುದಕ್ಕಿಂತ ಇದು ಮೇಲು ಅನ್ನುವುದು ಹಗುರವಾದ ವಾದವಲ್ಲ.

ಆದರೆ ಆಮಿಷ ಹಾಕಿದರೆ ಜಿಂಕೆ ಖಂಡಿತ ಸಿಗುತ್ತದೆ ಅನ್ನುವುದು ಮಾತ್ರ ಅರ್ಧ ಸುಳ್ಳು. ಹುಷಾರು ಪ್ರಾಣಿ ಅದು. ರಾಶಿಯ ಹತ್ತಿರ ಮನುಷ್ಯನ ವಾಸನೆ ಬಂದರೆ ಹಗಲು ಬರುವುದನ್ನೇ ಬಿಟ್ಟು ರಾತ್ರಿ ಬಂದು ತಿಂದು ಹೋಗುತ್ತದೆ. ಸೌತ್ ಕೆರೊಲಿನಾದ ವನ್ಯಜೀವಿ ಇಲಾಖೆ ಹೋಲಿಸಿ ನೋಡಿದಾಗ, ಆಮಿಷ ಇಲ್ಲದ ಭಾಗದಲ್ಲೇ ಹೆಚ್ಚು ಜಿಂಕೆ ಸಿಗುತ್ತಿದ್ದದ್ದು ಕಂಡುಬಂತು. ಆದರೂ ಆ ರಾಜ್ಯ ಮುಂದೆ ಖಾಸಗಿ ಜಮೀನಿನಲ್ಲೆಲ್ಲ ಅನುಮತಿ ಕೊಟ್ಟಿತು! ಜೋಳ ಮಾರುವವರಿಗೂ ಮತ ಇದೆ ಅಲ್ವಾ.

ಜೋಳ ತಿಂದರೆ ಜಿಂಕೆಗೆ ಒಳ್ಳೇದೇ ಅಲ್ವಾ? ಹಸಿದ ಹೊಟ್ಟೆಗೆ ಊಟ ಹಾಕಿದ ಹಾಗೆ.

ಹಾಗೆ ಕಾಣುತ್ತದೆ ಅಷ್ಟೇ. ಜಿಂಕೆ ಮೆಲುಕು ಹಾಕುವ ಪ್ರಾಣಿ. ಚಳಿಗಾಲದಲ್ಲಿ ಅದರ ಹೊಟ್ಟೆ ಒಣ ಕಡ್ಡಿ, ಮೊಗ್ಗು ಅರಗಿಸಲು ಒಗ್ಗಿಕೊಂಡಿರುತ್ತದೆ. ಆಗ ಇದ್ದಕ್ಕಿದ್ದಂತೆ ಹೊಟ್ಟೆ ತುಂಬ ಜೋಳ ಸಿಕ್ಕರೆ ಒಳಗೆ ಹುಳಿಯೆದ್ದು, ಹೊಟ್ಟೆ ತುಂಬಿದ್ದರೂ ಸಾಯಬಹುದು. ಹಟ್ಟಿಯ ಎಮ್ಮೆ ಕಾಳಿನ ಚೀಲಕ್ಕೆ ಬಾಯಿ ಹಾಕಿದರೆ ಏನಾಗುತ್ತದೆ ಅಂತ ನಮ್ಮ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಬೂಷ್ಟಿನ ಕಾಟ ಬೇರೆ. ಮಳೆಯಲ್ಲಿ ನೆನೆದ ಜೋಳದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಚಳ್ಳಕೆರೆ, ಪಾವಗಡ ಕಡೆ ಶೇಂಗಾ ಬೆಳೆಯುವವರಿಗೆ ಈ ಹೆಸರು ಹೊಸದಲ್ಲ. ಜಿಂಕೆಗಿಂತ ಹೆಚ್ಚು ಪೆಟ್ಟು ತಿನ್ನುವುದು ಅದೇ ರಾಶಿಯಲ್ಲಿ ಹೆಕ್ಕಲು ಬರುವ ಟರ್ಕಿ ಕೋಳಿ ಮತ್ತಿತರ ಹಕ್ಕಿಗಳು. ದಕ್ಷಿಣದ ರಾಜ್ಯಗಳಲ್ಲಿ ಕಾಡುಹಂದಿಗಳೂ ಬರುತ್ತವೆ. ಹಾಕಿದವನ ಲೆಕ್ಕದಲ್ಲಿ ಅವು ಇರಲೇ ಇಲ್ಲ.

ಕ್ಲೋವರ್ ತಾಕಿನಲ್ಲಿ ಈ ಕಷ್ಟ ಕಮ್ಮಿ. ಅಲ್ಲಿ ಜೇನುನೊಣವೂ ಬರುತ್ತದೆ, ಮೊಲವೂ ಬರುತ್ತದೆ. ಬೇಟೆ ಮುಗಿದ ಮೇಲೂ ಬೇರು ಮಣ್ಣು ಹಿಡಿದಿರುತ್ತದೆ. ತಾಕು ಸ್ವಲ್ಪ ಮೇಲು ಅಂತ ನನಗೆ ಅನ್ನಿಸುವುದಕ್ಕೆ ರೋಗದ ನಂತರದ ಕಾರಣ ಇದು.

ನಮ್ಮ ಅವರೆಯನ್ನೂ ಅಲ್ಲಿ ಜಿಂಕೆಗೆ ಬಿತ್ತುತ್ತಾರಂತೆ, ಹೌದಾ?

ಹೌದು! ಲ್ಯಾಬ್‌ಲ್ಯಾಬ್ ಅಂತ ಚೀಲದ ಮೇಲೆ ಬರೆದಿರುತ್ತದೆ. ಬಿಚ್ಚಿ ನೋಡಿದರೆ ನಮ್ಮ ಅವರೆಯೇ. ಬರ ತಡೆಯುತ್ತದೆ, ಎಲೆಯಲ್ಲಿ ಪ್ರೋಟೀನು ಜಾಸ್ತಿ, ಬೇಸಿಗೆಯಲ್ಲೂ ಹಸಿರಾಗಿರುತ್ತದೆ. ಟೆಕ್ಸಾಸ್‌ನಲ್ಲಿ ರಿಯೊ ವರ್ಡೆ ಅನ್ನುವ ತಳಿಯನ್ನೇ ಅಭಿವೃದ್ಧಿ ಮಾಡಿದ್ದಾರೆ. ಜೊತೆಗೆ ಅಲಸಂದೆಯನ್ನೂ ಹಾಕುತ್ತಾರೆ. ಒಂದೇ ತೊಂದರೆ: ಸಸಿ ಎಳೆಯದಾಗಿರುವಾಗಲೇ ಜಿಂಕೆ ಬೋಳಿಸಿಬಿಡುತ್ತದೆ. ಅದಕ್ಕೇ ಮೊದಲ ಕೆಲವು ವಾರ ತಾಕಿಗೆ ವಿದ್ಯುತ್ ಬೇಲಿ ಹಾಕುವವರಿದ್ದಾರೆ. ಜಿಂಕೆಗೆ ಬೆಳೆದ ಅವರೆಗೆ ಜಿಂಕೆಯಿಂದಲೇ ಕಾವಲು.

ಅಷ್ಟಕ್ಕೂ ಬೇಟೆ ಯಾಕೆ ಬೇಕು?

ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. 1900ರ ಸುಮಾರಿಗೆ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ ಅಂದಾಜು 5 ಲಕ್ಷಕ್ಕೆ ಇಳಿದಿತ್ತು. ಈಗ 3 ಕೋಟಿಯ ಆಸುಪಾಸು. ತೋಳ, ಪೂಮಾ ಬಹುಪಾಲು ಕಡೆ ಇಲ್ಲ. ಜಿಂಕೆ ಹೆಚ್ಚಾದ ಕಾಡಿನಲ್ಲಿ ಎಳೆ ಗಿಡ ಮೇಲೇಳುವುದಿಲ್ಲ, ರಸ್ತೆಯಲ್ಲಿ ಕಾರಿಗೆ ಅಡ್ಡ ಬರುತ್ತವೆ. ಜೊತೆಗೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕು, ಮದ್ದುಗುಂಡಿನ ಮೇಲಿನ ತೆರಿಗೆ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ಊರಿಗೆ ಬಂದಾಗ ಕರ್ನಾಟಕದಲ್ಲಿ ಇದನ್ನೆಲ್ಲ ಮಾಡಬಹುದಾ?

ಸುಮ್ನೆ ಕನಸು ಕಾಣಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ, ಜೈಲಾಗುತ್ತದೆ. ಮೇವು ತೋರಿಸಿ ಹೊಡೆದರೂ ಅಷ್ಟೇ, ತೋರಿಸದೆ ಹೊಡೆದರೂ ಅಷ್ಟೇ.

ಇನ್ನೊಂದು ಕಡೆ, 1932ರಲ್ಲಿ ಟೆಕ್ಸಾಸ್‌ಗೆ ತಂದು ಬಿಟ್ಟ ನಮ್ಮ ಚುಕ್ಕೆ ಜಿಂಕೆ, ಕೃಷ್ಣಮೃಗ ಅಲ್ಲಿ ಚೆನ್ನಾಗಿ ಬೇರೂರಿವೆ. ಹೊರಗಿನ ಪ್ರಾಣಿ ಅಂತ ಅವುಗಳ ಬೇಟೆಗೆ ಋತುವಿನ ಕಟ್ಟುಪಾಡೂ ಇಲ್ಲ. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕಾಗಿಯೇ ಅಭಯಾರಣ್ಯ. ಟೆಕ್ಸಾಸ್‌ನಲ್ಲಿ ಅದೇ ಪ್ರಾಣಿಗೆ ದರಪಟ್ಟಿ.

ಹಿತ್ತಲಿಗೆ ಬರುವ ಜಿಂಕೆಗೆ ಮಕ್ಕಳು ಕ್ಯಾರೆಟ್ ಹಾಕಬಹುದಾ?

ಬೇಡ. ಬೇಟೆಯ ಉದ್ದೇಶ ಇಲ್ಲದಿದ್ದರೂ ಎಂಜಲಿನ ಕಥೆ ಅದೇ. ರೋಗ ಇರುವ ಎಷ್ಟೋ ಕಡೆ ಹೀಗೆ ತಿನ್ನಿಸುವುದಕ್ಕೂ ನಿಷೇಧ ಇದೆ. ವಿಸ್ಕಾನ್ಸಿನ್‌ನಲ್ಲಿ ರೋಗ ಸಿಕ್ಕ ಕೌಂಟಿಗಷ್ಟೇ ಅಲ್ಲ, ಆ ಜಾಗದಿಂದ 10 ಮೈಲಿ ಒಳಗೆ ಬರುವ ಪಕ್ಕದ ಕೌಂಟಿಗೂ ನಿಯಮ ಅನ್ವಯಿಸುತ್ತದೆ. ಹಾಕುವ ಮೊದಲು ನಿಮ್ಮ ರಾಜ್ಯದ ವನ್ಯಜೀವಿ ಇಲಾಖೆಯ ನಿಯಮ ಓದಿ.

ಜೊತೆ ಕೆಲಸ ಮಾಡುವವರು ಜಿಂಕೆ ಮಾಂಸ ಕೊಟ್ಟರೆ ತಿನ್ನಬಹುದಾ?

ಮಾಂಸ ತಿನ್ನುವವರಾದರೆ ಒಂದು ಪ್ರಶ್ನೆ ಕೇಳಿ: ಎಲ್ಲಿ ಹೊಡೆದದ್ದು, ಟೆಸ್ಟ್ ಮಾಡಿಸಿದಿರಾ? ಸಂಕೋಚ ಬೇಡ, ಅಲ್ಲಿನವರೇ ಕೇಳುತ್ತಾರೆ. ಸಿಡಬ್ಲ್ಯುಡಿ ಮನುಷ್ಯರಿಗೆ ಬಂದದ್ದು ಇದುವರೆಗೆ ದೃಢಪಟ್ಟಿಲ್ಲ. ಆದರೂ ರೋಗ ಇರುವ ಪ್ರದೇಶದ ಜಿಂಕೆಯನ್ನು ಪರೀಕ್ಷೆ ಮಾಡಿಸಿ, ಸೋಂಕು ಕಂಡರೆ ತಿನ್ನಬೇಡಿ ಅನ್ನುವುದು ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ಸಲಹೆ. ಜಿಂಕೆಯ ಕುತ್ತಿಗೆಯ ದುಗ್ಧರಸ ಗ್ರಂಥಿ (ಲಿಂಫ್ ನೋಡ್) ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಹಲವು ರಾಜ್ಯಗಳಲ್ಲಿ ಇದು ಉಚಿತ. ಫಲಿತಾಂಶ ಬರುವವರೆಗೆ ಪೊಟ್ಟಣದ ಮೇಲೆ ಹೆಸರು, ತಾರೀಕು ಬರೆದು ಫ್ರೀಜರ್‌ನಲ್ಲಿ ಬೇರೆಯಾಗಿ ಇಡಿ.